ಎರಡು ಜಾಕೆಟ್ಟು, ಗೇರಕ್ಕನ ಸಿಟ್ಟು

ಗೇರಕ್ಕನಿಗೆ ಸಿಟ್ಟು ಬರಲು ಕಾರಣವೇ ಬೇಕಿರಲಿಲ್ಲ. ಕಾರಣವಿದ್ದು ಬಂದ ಸಿಟ್ಟಾದರೆ ಅದು ಇಳಿಯುತ್ತಲೇ ಇರಲಿಲ್ಲ. ಮುಚ್ಚಿಹೋದ ನೂಲಿನ ಗಿರಣಿಯ ಹಿಂದಿನ ಬಯಲಿನಲ್ಲಿ ಅವಳು ಹೆಂಗಸರಿಗೆ ಬೈಕು ಓಡಿಸಲು ಕಲಿಸುತ್ತಿದ್ದಳು. ಬಯಲಿನ ಆ ತುದಿಯಲ್ಲಿ ಕಲಿಯುವವಳ ಇಂಜಿನ್ನು ಏದುಸಿರು ಬಿಟ್ಟರೆ ಸಾಕು, ಈ ತುದಿಯಿಂದ "ಗೇರು, ಗೇರು" ಎಂದು ಕೂಗುವಳು. ಆ ಕೂಗು ಗಿರಣಿಯ ಗೋಡೆಗೆ ಬಡಿದು, ಆಚೆ ಬೀದಿಯಲ್ಲಿ ಹೋಗುವವರೂ ತಮ್ಮ ಗಾಡಿಯ ಗೇರು ನೋಡಿಕೊಳ್ಳುವಂತಾಗುತ್ತಿತ್ತು. ಹೆಸರು ಹಾಗೆ ಬಂದದ್ದು. ಹೆತ್ತವರು ಇಟ್ಟ ಹೆಸರು ಲೈಸೆನ್ಸಿನ ಮೇಲೆ ಮಾತ್ರ ಉಳಿದಿತ್ತು.

ಅವಳು ಬೈಕು ಕಲಿತದ್ದೂ ಸಿಟ್ಟಿನಿಂದಲೇ. ಗಂಡ ಮೆಕ್ಯಾನಿಕ್ಕು, ಮನೆಯ ಮುಂಭಾಗವೇ ಗ್ಯಾರೇಜು. ಮದುವೆಯಾದ ಹೊಸದರಲ್ಲಿ ಒಮ್ಮೆ ಅವನ ಪಾದದ ಮೇಲೆ ಇಂಜಿನ್ನು ಬಿದ್ದು ಮೂಳೆ ಮುರಿಯಿತು. ರಿಪೇರಿಯಾದ ಗಾಡಿಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸಬೇಕಲ್ಲ? ಇವಳು ತಳ್ಳಿಕೊಂಡು ಹೋಗುತ್ತಿದ್ದಳು. ಏರುರಸ್ತೆಯಲ್ಲಿ ಬೆವರು ಕಿತ್ತು ಬರುವಂತೆ ತಳ್ಳುತ್ತಿದ್ದಾಗ ಗಿರಾಕಿಯೊಬ್ಬ ತನ್ನ ಮನೆಯ ಬಾಗಿಲಲ್ಲೇ ನಿಂತು ನೋಡಿ, "ಪಾಪ, ಓಡಿಸೋಕೆ ಬರಲ್ವಲ್ಲ" ಎಂದ. ಇಳಿದು ಬಂದು ಕೈಜೋಡಿಸಲಿಲ್ಲ, ಪಾಪ ಅಂದ. ಆ ಒಂದು ಮಾತು ಅವಳ ಮೈಗೆ ಕೆಂಡ ತಾಗಿಸಿದಂತಾಯಿತು. ಮನೆಗೆ ಬಂದವಳೇ ಗಂಡನ ಮಂಚದ ಮುಂದೆ ನಿಂತಳು.

"ತಳ್ಳೋ ಶಕ್ತಿ ಇರೋಳಿಗೆ ಓಡಿಸೋ ಶಕ್ತಿ ಇರಲ್ವಾ? ಕಲಿಸ್ತೀರೋ ಇಲ್ವೋ?"

ಅವನು ಮಂಚದಿಂದೇಳದೆ, ಕಿಟಕಿಯ ಸರಳಿನ ನಡುವಿನಿಂದ ಕ್ಲಚ್ಚು ಹಿಡಿ, ಮೆಲ್ಲಗೆ ಬಿಡು ಎಂದು ಹೇಳಿಕೊಟ್ಟ. ಅವನ ಕಾಲು ನೆಟ್ಟಗಾಗುವ ಹೊತ್ತಿಗೆ ಇವಳು ಅವನಿಗಿಂತ ಚೆನ್ನಾಗಿ ತಿರುವು ತೆಗೆಯುತ್ತಿದ್ದಳು. ಅಂದಿನಿಂದ ಯಾರ ಹಿಂದೆಯೂ ಕೂತು ಹೋದವಳಲ್ಲ.

ಮೈಮೇಲೆ ಹಾಕಿಕೊಳ್ಳುತ್ತಿದ್ದುದು ಮೈದುನ ಬಿಟ್ಟುಕೊಟ್ಟ ಹಳೆಯ ಜಾಕೆಟ್ಟು. ಎಮ್ಮೆ ಚರ್ಮದ್ದು, ಬಾಗಿಲ ಹಲಗೆಯಷ್ಟು ಗಟ್ಟಿ. ಭುಜಕ್ಕೂ ಮೊಣಕೈಗೂ ಗಟ್ಟಿ ಪ್ಯಾಡು, ಬೆನ್ನಿಗೊಂದು ಹಲಗೆ. ಮಾಲು ಒಳ್ಳೆಯದೇ. ಆದರೆ ಮೈದುನ ಆರಡಿ ಆಳು. ಇವಳು ಅದರೊಳಗೆ ಹೊಕ್ಕರೆ ಚೀಲದಲ್ಲಿ ಬೆಕ್ಕು ಹೊಕ್ಕಂತೆ. ತೋಳನ್ನು ಮಡಿಸಿ ಮಡಿಸಿ ಹಾಕಿಕೊಂಡು ವರ್ಷಗಟ್ಟಲೆ ಕಳೆದಳು. ಏನೂ ಆಗದಿದ್ದಾಗ ಯಾವುದಾದರೂ ನಡೆಯುತ್ತದೆ.

ಆದದ್ದು ಒಂದು ಮುಂಜಾನೆ. ಔಷಧಿ ಅಂಗಡಿಯ ಹೆಂಗಸೊಬ್ಬಳನ್ನು ಮೊದಲ ಸಲ ಬಯಲು ಬಿಟ್ಟು ರಸ್ತೆಗಿಳಿಸಿ, ತಾನು ಪಕ್ಕದಲ್ಲೇ ಇನ್ನೊಂದು ಗಾಡಿಯಲ್ಲಿ ಹೋಗುತ್ತಿದ್ದಳು. ತಿರುವಿನಲ್ಲಿ ಆಕೆ ಗಾಬರಿಬಿದ್ದು ಇವಳತ್ತಲೇ ವಾಲಿದಳು. ತಾಗದಿರಲೆಂದು ಇವಳು ಗಾಡಿ ಹೊರಳಿಸಿದಾಗ ಜಲ್ಲಿಯ ಮೇಲೆ ಚಕ್ರ ಜಾರಿತು. ಕಲಿಯುವವಳು ನಿಂತಲ್ಲೇ ನಿಂತು ಅತ್ತಳು. ಕಲಿಸುವವಳು ರಸ್ತೆಯ ಮೇಲೆ ಉಜ್ಜಿಕೊಂಡು ಹೋದಳು. ಬೆನ್ನು ಉಳಿಯಿತು, ಭುಜ ಉಳಿಯಿತು. ಆದರೆ ಅಷ್ಟು ದೊಡ್ಡ ತೋಳು ನೆಲಕ್ಕೆ ತಾಗಿದ ಕೂಡಲೇ ಮೇಲಕ್ಕೆ ಸರ್ರನೆ ಸರಿದುಬಿಟ್ಟಿತು. ಮೊಣಕೈ ಕಾಯಬೇಕಾದ ಪ್ಯಾಡು ರಟ್ಟೆಯ ಹತ್ತಿರ ಹೋಗಿ ಕೂತಿತ್ತು. ಬರಿಯ ಮೊಣಕೈ ಜಲ್ಲಿಯ ಪಾಲಾಯಿತು. ಎಲುಬು ಕಾಣುವಷ್ಟು ಚರ್ಮ ಕಿತ್ತುಹೋಗಿತ್ತು.

ಹೊಲಿಗೆ ಹಾಕಿ, ಪಟ್ಟಿ ಕಟ್ಟಿ, ಪಟ್ಟಿ ಬಿಚ್ಚಿದ ಮೇಲೆ ನೋಡಿದರೆ ಕೈ ಮಡಿಚಿದ್ದು ಮಡಿಚಿದಂತೆಯೇ ನಿಂತಿತ್ತು. ಅದನ್ನು ಬಿಡಿಸಲು ಮನೆಗೆ ಬರತೊಡಗಿದವಳು ಅವಳದೇ ಶಿಷ್ಯೆ. ಮನೆಮನೆಗೆ ಹೋಗಿ ವಯಸ್ಸಾದವರ, ಬಿದ್ದವರ ಕೈಕಾಲಿಗೆ ವ್ಯಾಯಾಮ ಮಾಡಿಸುವುದು ಆ ಹುಡುಗಿಯ ಕೆಲಸ. ಒಂದು ಮನೆಯಿಂದ ಇನ್ನೊಂದಕ್ಕೆ ಬೈಕಿನಲ್ಲೇ ಓಡಾಟ. ಮಾತಾಡಿದರೆ ಎದುರಿನವರು ಕಿವಿ ಹತ್ತಿರ ತರಬೇಕು, ಅಷ್ಟು ಸಣ್ಣ ದನಿ. ಗೇರಕ್ಕ ಅವಳಿಗೆ ಪಿಸುಮಾತು ಎಂದೇ ಹೆಸರಿಟ್ಟಿದ್ದಳು. ಆ ಸಣ್ಣ ದನಿಯವಳ ಕೈ ಮಾತ್ರ ಇಕ್ಕಳ.

"ಇನ್ನೊಂಚೂರು ಅಕ್ಕ."

"ಸಾಕು ಕಣೇ, ಪ್ರಾಣ ಹೋಗುತ್ತೆ."

"ಪ್ರಾಣ ಹೋಗಲ್ಲ ಅಕ್ಕ. ಮೊಣಕೈ ಮಾತ್ರ ನೋಯುತ್ತೆ," ಎಂದು ಪಿಸುಗುಟ್ಟಿ ಅವಳು ಮತ್ತಷ್ಟು ಚಾಚುತ್ತಿದ್ದಳು. ಗೇರಕ್ಕ ಆ ಹುಡುಗಿಯನ್ನೂ, ಔಷಧಿ ಅಂಗಡಿಯವಳನ್ನೂ, ಮೈದುನನ ಉದ್ದ ಕೈಗಳನ್ನೂ ಸೇರಿಸಿ ಬೈದು ಹಗುರಾಗುತ್ತಿದ್ದಳು.

ಕೈ ಅರ್ಧ ಚಾಚುವಂತಾದಾಗ ತನ್ನ ಅಳತೆಯ ಜಾಕೆಟ್ಟು ಕೊಳ್ಳಲೇಬೇಕೆಂದು ಹೊರಟಳು. ಜೊತೆಗೆ ನಾದಿನಿ. ಬಟ್ಟೆಬರೆಯ ವಿಷಯದಲ್ಲಿ ಮನೆಯಲ್ಲೆಲ್ಲ ಅವಳದೇ ಕಣ್ಣು ಎಂದು ಗಂಡನೇ ಅವಳನ್ನು ಕಳಿಸಿದ್ದ. ಬಸ್ ನಿಲ್ದಾಣದ ಎದುರಿನ ಎರಡಂತಸ್ತಿನ ಚರ್ಮದ ಅಂಗಡಿಗೆ ಕಾಲಿಟ್ಟರೆ ಹೊಸ ಚರ್ಮದ, ಅಂಟಿನ ವಾಸನೆ ಮೂಗಿಗೆ ರಾಚಿತು. ಕೆಳಗೆ ಗಂಡಸರದು, ಮೇಲೆ ಹೆಂಗಸರದು. ಬೆಲ್ಟಿನ ಮೇಲೆ ಹೊಟ್ಟೆ ಬಿಟ್ಟುಕೊಂಡ ಸೇಲ್ಸ್‌ಮನ್ನು ಇಬ್ಬರನ್ನೂ ನೇರ ಮೆಟ್ಟಿಲಿನತ್ತ ಕೈ ಮಾಡಿ ಕಳಿಸಿ, ಹಿಂದೆಯೇ ತಾನೂ ಹತ್ತಿ ಬಂದ.

ಮೇಲಿನ ಜಾಕೆಟ್ಟುಗಳನ್ನು ಕಂಡು ನಾದಿನಿಗೆ ಹಬ್ಬ. ಕುರಿಯ ಚರ್ಮ, ಕಿವಿಯ ಹಾಲೆಯಂತೆ ಮೆತ್ತಗೆ. ಕಂದು, ಕಪ್ಪು, ವೈನು ಬಣ್ಣ. ಸೊಂಟದ ಹತ್ತಿರ ಚಂದದ ಕಟ್ಟು, ಕತ್ತಿನ ಹತ್ತಿರ ಚಂದದ ಮಡಿಕೆ. "ಅತ್ತಿಗೆ, ಇದನ್ನ ಹಾಕ್ಕೊಂಡು ಕನ್ನಡಿ ನೋಡಿ ಒಂದ್ಸಲ," ಎಂದಳು. ಅತ್ತಿಗೆ ಕನ್ನಡಿ ನೋಡಲಿಲ್ಲ. ಜಾಕೆಟ್ಟನ್ನು ಕೋಳಿಯ ಪುಕ್ಕ ಕೀಳುವವಳಂತೆ ತಿರುವಿಹಾಕಿ ಒಳಗಿನ ಅಸ್ತರು ನೋಡಿದಳು. ಭುಜದ ಹೊಲಿಗೆ ಒಂದೇ ಎಳೆ. ಮೊಣಕೈ ಮೇಲೆ ಸಾಲು ಸಾಲು ಹೊಲಿಗೆ ಹಾಕಿ ಪ್ಯಾಡಿನಂತೆ ಉಬ್ಬಿಸಿದ್ದರು. ಒತ್ತಿದರೆ ಪಾತ್ರೆ ತಿಕ್ಕುವ ಸ್ಪಂಜು. ಜೇಬಿನ ಜಿಪ್ಪು ಎಳೆದಳು, ಬರಲಿಲ್ಲ. ಜೇಬೇ ಇರಲಿಲ್ಲ, ಬರಿಯ ಜಿಪ್ಪು ಹೊಲಿದಿದ್ದರು.

"ಜೇಬಿಗೂ ಸುಳ್ಳು ಹೇಳಿದ್ದೀರಲ್ಲ," ಎಂದಳು.

"ಫ್ಯಾಷನ್ ಮೇಡಂ."

"ಗಾಡಿ ಓಡಿಸೋಕೆ ಬೇಕು ನನಗೆ. ದಪ್ಪದ್ದು ತೋರಿಸಿ."

"ಹೆಂಗಸರಿಗೆ ದಪ್ಪದ್ದು ಬರಲ್ಲ ಮೇಡಂ. ಯಾರೂ ಕೇಳಲ್ಲ. ಹಿಂದೆ ಕೂತ್ಕೊಳ್ಳೋರಿಗೆ ಇದು ಧಾರಾಳ ಸಾಕು."

ಎಣ್ಣೆಗೆ ಬಿದ್ದ ಸಾಸಿವೆಯಂತೆ ಅವಳು ಸಿಡಿದದ್ದು ಆಗಲೇ. "ಹಿಂದೆ ಕೂತವಳು ಬಿದ್ರೆ ರಸ್ತೆ ಹತ್ತಿಯದಾಗುತ್ತಾ? ಮುಂದೆ ಕೂತವನಿಗೆ ಎಮ್ಮೆ ಚರ್ಮ, ಹಿಂದೆ ಕೂತವಳಿಗೆ ಕರವಸ್ತ್ರ. ಯಾರು ಮಾಡಿದ ಲೆಕ್ಕ ಇದು?"

ದಡದಡನೆ ಕೆಳಗಿಳಿದು ಗಂಡಸರ ಸಾಲಿಗೆ ಹೋದಳು. ಅಲ್ಲಿ ಎಲ್ಲವೂ ಇತ್ತು: ಬೆರಳಿಗೆ ಎದುರುತ್ತರ ಕೊಡುವ ದಪ್ಪ ಚರ್ಮ, ಜೋಡಿ ಎಳೆಯ ಹೊಲಿಗೆ, ಬಡಿದರೆ ಟಕ್ಕೆನ್ನುವ ಪ್ಯಾಡು, ತೋಳು ಮೇಲೆ ಸರಿಯದಂತೆ ಮಣಿಕಟ್ಟಿನಲ್ಲಿ ಬಿಗಿಯುವ ಜಿಪ್ಪು. ಎಲ್ಲಕ್ಕಿಂತ ಚಿಕ್ಕದನ್ನು ತೊಟ್ಟಳು. ಭುಜಕ್ಕೆ ಸರಿಹೋದದ್ದು ಎದೆಯ ಮೇಲೆ ಸೇರಲೊಲ್ಲದು. ಎದೆಗೆ ಸರಿಹೋದದ್ದರ ತೋಳು ಬೆರಳನ್ನೂ ನುಂಗುತ್ತಿತ್ತು, ಮೊಣಕೈಯ ಪ್ಯಾಡು ಮುಂಗೈ ಮೇಲೆ ಬಂದು ಕೂರುತ್ತಿತ್ತು. ಮೈದುನನ ಜಾಕೆಟ್ಟಿನ ಕಥೆಯೇ, ಹೊಸ ಬೆಲೆಗೆ.

ಗಲಾಟೆ ಕೇಳಿ ಅಂಗಡಿಯ ಯಜಮಾನ ಬಂದ. ನೀಟಾಗಿ ಕತ್ತರಿಸಿದ ಬಿಳಿಗಡ್ಡ, ಮೆದು ಮಾತು. ಅವಳು ಯಾರೆಂದು ತಿಳಿದ ಮೇಲೆ ಅವನ ಮುಖ ಅರಳಿತು.

"ನಿಮ್ಮಂಥೋರನ್ನೇ ಹುಡುಕ್ತಿದ್ದೆ ಅಮ್ಮ. ಮೇಲಿನ ಆ ಕಂದು ಜಾಕೆಟ್ಟು ಹಾಕ್ಕೊಂಡು ಬೈಕಿನ ಪಕ್ಕ ನಿಂತ್ಕೊಳ್ಳಿ. ಒಂದು ಫೋಟೋ ತೆಗೆದು ಅಂಗಡಿ ಮುಂದೆ ದೊಡ್ಡ ಬೋರ್ಡು ಹಾಕ್ತೀನಿ. ಜಾಕೆಟ್ಟು ನಿಮಗೇ ಇರಲಿ."

ನಾದಿನಿ ಅವಳ ಸೊಂಟ ತಿವಿದಳು. ಗೇರಕ್ಕ ಯಜಮಾನನನ್ನು ಮೇಲಿಂದ ಕೆಳಗೆ ನೋಡಿದಳು.

"ಬೈಕಿನ ಪಕ್ಕ ನಾನು ನಿಂತ್ರೆ ಹುಡುಗೀರು ಏನಂದ್ಕೊಳ್ತಾರೆ? ಗೇರಕ್ಕನೇ ಹಾಕ್ಕೊಂಡಿದ್ದಾಳೆ ಅಂತ ತಗೊಳ್ತಾರೆ. ಬೀಳ್ತಾರೆ. ಆಮೇಲೆ ಅವರಿಗೆ ನಾನು ಯಾವ ಮುಖ ತೋರಿಸ್ಲಿ? ಬೋರ್ಡಿನ ಮುಖಾನಾ?"

ದಾರಿಯುದ್ದಕ್ಕೂ ನಾದಿನಿ, ಮನೆಬಾಗಿಲಿಗೆ ಬಂದದ್ದನ್ನು ಒದ್ದುಬಿಟ್ಟಿರಿ ಎಂದು ಗೊಣಗಿದಳು. ಗೇರಕ್ಕ ತುಟಿಪಿಟಕ್ಕೆನ್ನಲಿಲ್ಲ. ಅವಳ ಮೌನವನ್ನು ಬಲ್ಲ ಗಂಡ ಅಂದು ಗ್ಯಾರೇಜಿನಿಂದ ಒಳಗೇ ಬರಲಿಲ್ಲ.

ಕೆಲವು ವಾರ ಕಳೆದಿರಬೇಕು. ಬಸ್ ನಿಲ್ದಾಣದ ಎದುರು ಹಾದುಹೋಗುತ್ತಿದ್ದ ಗೇರಕ್ಕ ಗಕ್ಕನೆ ಬ್ರೇಕು ಹಾಕಿದಳು. ಹಿಂದಿನವರು ಬೈದದ್ದು ಅವಳಿಗೆ ಕೇಳಿಸಲಿಲ್ಲ. ಚರ್ಮದ ಅಂಗಡಿಯ ನೆತ್ತಿಯ ಮೇಲೆ ಮನೆಯಷ್ಟಗಲದ ಬೋರ್ಡು. ಅದರಲ್ಲಿ ಕಂದು ಜಾಕೆಟ್ಟು ತೊಟ್ಟು, ಕಂಕುಳಲ್ಲಿ ಹೆಲ್ಮೆಟ್ಟು ಇಟ್ಟುಕೊಂಡು, ಭಾರಿ ಬೈಕಿಗೊರಗಿ ನಿಂತವಳು ಪಿಸುಮಾತು. ಕೆಳಗೆ ಮೊಳದುದ್ದದ ಅಕ್ಷರ: ಸವಾರಿಗೂ ಸೈ, ಸೊಗಸಿಗೂ ಸೈ.

ತನ್ನ ಕೈಯಲ್ಲಿ ಕ್ಲಚ್ಚು ಹಿಡಿಯಲು ಕಲಿತವಳು. ತನ್ನ ಮೊಣಕೈಯ ಗಾಯವನ್ನು ವಾರಕ್ಕೆರಡು ಸಲ ಕೈಯಾರೆ ಮುಟ್ಟಿ ನೋಡುವವಳು. ಎಲುಬು ಕಂಡ ಜಾಗ ಎಲ್ಲಿ ಎಂದು ಅವಳಿಗೆ ಗೊತ್ತು. ಗೊತ್ತಿದ್ದೂ ನಿಂತಳಲ್ಲ. ಅಂಗಡಿಯವನ ಮೇಲೆ ಬಂದ ಸಿಟ್ಟು ಹೊರಗಿನವರ ಮೇಲಿನ ಸಿಟ್ಟು, ಉಗುಳಿಬಿಡಬಹುದು. ಇದು ಮನೆಯವಳಂಥವಳ ಮೇಲಿನದು, ಉಗುಳಲಾಗಲಿಲ್ಲ.

ಭಾನುವಾರ ಪಿಸುಮಾತು ಬಯಲಿಗೆ ಬಂದಳು. ಲೈಸೆನ್ಸು ಸಿಕ್ಕ ಮೇಲೂ ಭಾರದ ಗಾಡಿ ಅಭ್ಯಾಸ ಮಾಡಲು ಬರುವುದು ಅವಳ ರೂಢಿ. ಗೇರಕ್ಕ ಬೆನ್ನು ತಿರುಗಿಸಿ ಇನ್ಯಾರದೋ ಚೈನು ನೋಡುತ್ತ ಕೂತಳು. ಹುಡುಗಿ ಒಂದು ಕ್ಷಣ ನಿಂತು, ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಬಯಲಿನ ಅಂಚಿನ ಶೆಡ್ಡಿನೊಳಗೆ ಹೋಗಿ ಬಂದು, ದೊಡ್ಡ ಬೈಕು ಹತ್ತಿ ಬಯಲಿನ ಆ ತುದಿಗೆ ಹೋದಳು. ಸ್ವಲ್ಪ ಹೊತ್ತಿಗೆ ಗೇರಕ್ಕ ಶೆಡ್ಡಿಗೆ ಹೋದರೆ ಮೊಳೆಗೆ ಆ ಕಂದು ಜಾಕೆಟ್ಟು ನೇತುಬಿದ್ದಿತ್ತು.

ಅದನ್ನು ಕಂಡದ್ದೇ ತಡ, ಮುಂದಿನದನ್ನು ಅವಳು ಯೋಚಿಸಿ ಮಾಡಲಿಲ್ಲ. ಗ್ಯಾರೇಜಿನ ಎಣ್ಣೆಬಟ್ಟೆಗಳ ಮೂಟೆ ಅಲ್ಲೇ ಇತ್ತು. ಕಂದು ಜಾಕೆಟ್ಟಿನ ಹೊಟ್ಟೆಗೂ ತೋಳಿಗೂ ಬಟ್ಟೆ ತುರುಕಿದಳು. ಮೈದುನನ ಹಳೆಯ ಜಾಕೆಟ್ಟಿಗೂ ತುರುಕಿದಳು. ಎರಡನ್ನೂ ಹಗ್ಗದಿಂದ ಬಿಗಿದು ತನ್ನ ಗಾಡಿಯ ಹಿಂದೆ ಕಟ್ಟಿದಳು. ಕಲಿಯಲು ಬಂದಿದ್ದ ಹೆಂಗಸರನ್ನೆಲ್ಲ ಕರೆದು ಸಾಲಾಗಿ ನಿಲ್ಲಿಸಿದಳು.

"ನೋಡ್ತಾ ಇರಿ," ಎಂದಷ್ಟೇ ಹೇಳಿ ಗಾಡಿ ಎಬ್ಬಿಸಿದಳು.

ಜಲ್ಲಿನೆಲದ ಮೇಲೆ ಎರಡು ತಲೆಯಿಲ್ಲದ ಮೈಗಳು ಪುಟಿಯುತ್ತ, ಹೊರಳುತ್ತ, ಧೂಳೆಬ್ಬಿಸುತ್ತ ಹಿಂದೆ ಬಂದವು. ಒಂದು ಸುತ್ತು ಮುಗಿಯುವ ಮುನ್ನವೇ ಕಂದು ಜಾಕೆಟ್ಟಿನ ಭುಜದ ಹೊಲಿಗೆ ಬಾಯಿಬಿಟ್ಟಿತು. ಮೊಣಕೈ ನೆನೆದ ಕಾಗದದಂತೆ ಹರಿದು ಸ್ಪಂಜು ಹೊರಬಿತ್ತು. ಬೆನ್ನು ಉದ್ದಕ್ಕೆ ಸೀಳಿತು. ಹಳೆಯದರ ಮೇಲೆ ಬೂದುಬಣ್ಣದ ಗೀರುಗಳೆದ್ದವು, ಅಲ್ಲಲ್ಲಿ ಒಂದೆರಡು ದಾರ ಕಿತ್ತವು, ಅಷ್ಟೇ. ಗೇರಕ್ಕ ಇಳಿದು ಎರಡನ್ನೂ ಎತ್ತಿ ಹಿಡಿದಳು.

"ಇದು ಬೋರ್ಡಿನ ಮೇಲಿರೋದು. ಇದು ನನ್ನ ಹಳೇದು. ನಿಮ್ಮ ಚರ್ಮ ಯಾವುದರೊಳಗೆ ಇರಬೇಕು ಅಂತ ನೀವೇ ಹೇಳಿ."

ಹೆಂಗಸರು ಚಪ್ಪಾಳೆ ತಟ್ಟಿದರು. ಔಷಧಿ ಅಂಗಡಿಯವಳಂತೂ ಎಲ್ಲರಿಗಿಂತ ಜೋರಾಗಿ. ಆ ಸದ್ದಿನ ನಡುವೆ ಆ ತುದಿಯಿಂದ ಬಂದ ದೊಡ್ಡ ಬೈಕು ನಿಂತದ್ದು ಯಾರಿಗೂ ಗಮನಕ್ಕೆ ಬರಲಿಲ್ಲ. ಪಿಸುಮಾತು ಇಳಿದಳು. ಹೆಲ್ಮೆಟ್ಟು ತೆಗೆದಳು. ಅವಳ ಮೈಮೇಲಿದ್ದುದು ಹಳೆಯ ದಪ್ಪ ಕ್ಯಾನ್ವಾಸು ಕೋಟು. ಅದರ ಮೊಣಕೈಗೆ ಅವಳೇ ಕೈಯಾರೆ ಹೊಲಿದುಕೊಂಡ ರಬ್ಬರು ಪ್ಯಾಡು. ಗೇರಕ್ಕ ಅದನ್ನು ಅಂದೇ ಮೊದಲು ಕಂಡವಳಂತೆ ನೋಡಿದಳು.

"ಅದು ನಂದು," ಎಂದಳು ಹುಡುಗಿ.

"ನಿಂದೇ. ನೋಡ್ಕೋ ಅದರ ಯೋಗ್ಯತೆ. ಇದನ್ನ ಹಾಕ್ಕೊಂಡು ಬೈಕಿಗೆ ಒರಗಿ ನಿಲ್ಲೋಕೆ ನಾಚಿಕೆ ಆಗ್ಲಿಲ್ವಾ ನಿನಗೆ?"

"ನಾನು ಬೈಕಿಗೆ ಒರಗಿಲ್ಲ."

ದನಿ ಎಂದಿನಂತೆ ಇರಲಿಲ್ಲ. ಯಾರೂ ಕಿವಿ ಹತ್ತಿರ ತರಬೇಕಾಗಲಿಲ್ಲ.

"ಅಂಗಡಿ ಗೋಡೆಗೆ ಒರಗಿದ್ದೆ. ಜಾಕೆಟ್ಟು ನೋಡೋಕೆ ಹೋಗಿದ್ದೆ, ಚೆನ್ನಾಗಿ ಕಾಣ್ತೀರಿ, ಒಂದು ಫೋಟೋ ಕೊಟ್ರೆ ಜಾಕೆಟ್ಟು ಇಟ್ಕೊಳ್ಳಿ ಅಂದ್ರು. ಬೈಕು, ಹೆಲ್ಮೆಟ್ಟು, ಬರಹ, ಎಲ್ಲ ಅವರು ಆಮೇಲೆ ಅಂಟಿಸಿದ್ದು. ಹೋಗಿ ಕೇಳ್ದೆ. ನಿಮಗೆ ಜಾಕೆಟ್ಟು ಸಿಕ್ಕಿದೆಯಲ್ಲ, ಇನ್ನೇನು ಅಂದ್ರು. ಅದನ್ನ ನಿಮಗೆ ಹೇಳ್ಬೇಕು ಅಂತಾನೇ ಇವತ್ತು ಬಂದೆ. ನೀವು ಬೆನ್ನು ತಿರುಗಿಸಿದ್ರಿ."

"ಹಾಗಾದ್ರೆ ಇಲ್ಲಿಗೆ ಯಾಕೆ ತಂದೆ ಇದನ್ನ?"

"ಇಲ್ಲಿಂದ ಗೆಳತಿ ಜೊತೆ ಊಟಕ್ಕೆ ಹೋಗೋದಿತ್ತು. ಅಲ್ಲಿ ಹಾಕ್ಕೊಳ್ಳೋಕೆ. ಅದನ್ನ ಹಾಕ್ಕೊಂಡು ಒಂದಿನಾನೂ ಗಾಡಿ ಹತ್ತಿಲ್ಲ ನಾನು. ಕುರಿ ಚರ್ಮ ಎಷ್ಟು ಹೊತ್ತು ತಡೆಯುತ್ತೆ ಅಂತ ನನಗೂ ಗೊತ್ತು, ನೀವೇ ಕಲಿಸಿದ್ದು." ಕೋಟಿನ ಅಂಚು ಹಿಡಿದು ತೋರಿಸಿದಳು. "ದಿನವಿಡೀ ಈ ಕೋಟಲ್ಲಿ ಮನೆಮನೆ ಸುತ್ತುತೀನಿ. ಬಾಗಿಲು ತೆಗೆದೋರು ಗ್ಯಾಸ್ ರಿಪೇರಿಯೋಳಾ ಅಂತ ಕೇಳ್ತಾರೆ. ಚೆಂದ ಕಾಣ್ಬೇಕು ಅಂತ ನನಗೆ ಆಸೆ ಇರಬಾರ್ದಾ ಅಕ್ಕ? ಬೀಳೋದಕ್ಕೆ ಒಂದು ಬಟ್ಟೆ ಇದ್ರೆ ಬಾಳೋದಕ್ಕೆ ಒಂದು ಬೇಡ್ವಾ?"

ಹುಡುಗಿ ಹರಿದ ಜಾಕೆಟ್ಟಿನಿಂದ ಎಣ್ಣೆಬಟ್ಟೆಗಳನ್ನು ಒಂದೊಂದಾಗಿ ಎಳೆದು ನೆಲಕ್ಕೆ ಹಾಕಿದಳು. ಆಮೇಲೆ ಅದನ್ನು ಮಡಿಸಿ ತೋಳಿನ ಮೇಲೆ ಹಾಕಿಕೊಂಡು ನಡೆದೇ ಹೋದಳು.

ಗೇರಕ್ಕನ ಸಿಟ್ಟಿಗೆ ನಿಲ್ಲಲು ನೆಲೆ ಸಿಗಲಿಲ್ಲ. ಮನೆಗೆ ಬಂದು ಪಾತ್ರೆಗಳನ್ನು ಸದ್ದುಮಾಡಿ ಜೋಡಿಸಿದಳು. ಎಲ್ಲ ಕೇಳಿದ ಮೇಲೆ ಗಂಡ, ಕೈಯ ಗ್ರೀಸು ಒರೆಸಿಕೊಳ್ಳುತ್ತ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ಯಲ್ಲೇ," ಎಂದ.

"ನೀವೂ ಅವಳ ಕಡೆಯಾ?"

"ಸಿಟ್ಟು ಸರಿಯಾದದ್ದೇ. ವಿಳಾಸ ತಪ್ಪಿತು ಅಂದೆ."

ಆ ಮಾತಿಗೆ ಎರಡು ದಿನ ಅವನ ಸಾರಿಗೆ ಉಪ್ಪು ಬೀಳಲಿಲ್ಲ. ಆದರೆ ಅವನ ಮೇಲೆ ಎಷ್ಟು ಉರಿದರೂ ಒಳಗಿನ ಉರಿ ತಣಿಯಲಿಲ್ಲ. ಯಾಕೆಂದರೆ ಹುಡುಗಿಯ ಮಾತಿನಲ್ಲಿ ಒಂದನ್ನಾದರೂ ಹಿಡಿದು ಜಗ್ಗಾಡೋಣವೆಂದರೆ ಎಲ್ಲೂ ಸಡಿಲವಿರಲಿಲ್ಲ. ತಾನು ಯಾವತ್ತಾದರೂ ಚೆಂದ ಕಾಣಲೆಂದು ಏನಾದರೂ ತೊಟ್ಟದ್ದುಂಟೇ ಎಂದು ಯೋಚಿಸಿದಳು. ನೆನಪಾಗಲಿಲ್ಲ. ಅದಕ್ಕೂ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಪಿಸುಮಾತು ವ್ಯಾಯಾಮ ಮಾಡಿಸಲು ಬರಲಿಲ್ಲ. ಕೈ ಮತ್ತೆ ಬಿಗಿಯತೊಡಗಿತು.

ಕೊನೆಗೆ ಇವಳೇ ಹುಡುಗಿ ಕೆಲಸ ಮಾಡುತ್ತಿದ್ದ ಮನೆಯೊಂದನ್ನು ವಿಚಾರಿಸಿಕೊಂಡು ಹೋದಳು. ಅಲ್ಲಿ ಅವಳು ವಯಸ್ಸಾದವರೊಬ್ಬರ ಮಂಡಿಯನ್ನು ಮೆಲ್ಲಗೆ ಮಡಿಸುತ್ತ, ಬಿಡಿಸುತ್ತ ಇದ್ದಳು. ಗೇರಕ್ಕ ಹೊಸ್ತಿಲಲ್ಲೇ ನಿಂತು, ಬೈಯುವ ದನಿಯಲ್ಲಿ, "ತಪ್ಪು ನಂದು," ಎಂದಳು.

"ಹೌದು, ನಿಮ್ಮದೇ," ಎಂದಳು ಹುಡುಗಿ, ಮಂಡಿಯಿಂದ ಕೈ ತೆಗೆಯದೆ.

"ಇದೇ ಮಾತು ಅಂಗಡಿಯವನಿಗೂ ಹೇಳ್ಬೇಕಲ್ಲ. ಅವನ ತಪ್ಪು ಅವನಿಗೆ."

ಹುಡುಗಿ ಮಂಡಿಯನ್ನು ಇನ್ನೊಮ್ಮೆ ಮಡಿಸಿ, "ಶನಿವಾರ ರಜೆ ನನಗೆ. ಹೋಗ್ತೀನಿ. ನೀವೂ ಬನ್ನಿ. ಆದ್ರೆ ಅಲ್ಲಿ ನೀವು ಬಾಯಿ ತೆಗೀಬಾರ್ದು," ಎಂದಳು. ಮಂಚದಲ್ಲಿದ್ದ ಅಜ್ಜ, ತನಗೇ ಹೇಳಿದ್ದೆಂದುಕೊಂಡು, ತೆರೆದಿದ್ದ ಬಾಯಿ ಮುಚ್ಚಿಕೊಂಡ.

ಶನಿವಾರ ಅಂಗಡಿಯಲ್ಲಿ ಜನ ತುಂಬಿದ್ದರು. ಪಿಸುಮಾತು ಯಜಮಾನನ ಮುಂದೆ ಹರಿದ ಜಾಕೆಟ್ಟು ಬಿಡಿಸಿ ಇಟ್ಟಳು.

"ನನ್ನ ಫೋಟೋಗೆ ಬೈಕು ಅಂಟಿಸೋಕೆ ನಾನು ಒಪ್ಪಿಲ್ಲ. ಬೋರ್ಡು ಇಳಿಸಿ."

"ಅಷ್ಟು ಖರ್ಚು ಮಾಡಿ ಹಾಕಿದ್ದು ಇಳಿಸೋಕಾಗುತ್ತಾ ತಾಯಿ? ನಾಲ್ಕು ಜನ ನಿನ್ನ ನೋಡ್ತಾರೆ, ಒಳ್ಳೇದೇ ಅಲ್ವಾ?" ಎಂದು ಅವನು ನಕ್ಕು, ಬೇರೆ ಗಿರಾಕಿಯತ್ತ ತಿರುಗಿದ.

ಗೇರಕ್ಕನ ನಾಲಿಗೆ ತುದಿಗೆ ಬಂದದ್ದು ಒಂದೆರಡು ಮಾತಲ್ಲ. ಕೆಳದುಟಿ ಕಚ್ಚಿ ನಿಂತಳು. ಬಾಯಿಮುಚ್ಚಿ ನಿಲ್ಲುವುದು ಜಲ್ಲಿಯ ಮೇಲೆ ಉಜ್ಜಿಕೊಂಡು ಹೋಗುವುದಕ್ಕಿಂತ ಕಷ್ಟವೆಂದು ಅಂದು ತಿಳಿಯಿತು. ಹುಡುಗಿ ಕಿರುಚಲಿಲ್ಲ. ಮೆಟ್ಟಿಲ ಬುಡದಲ್ಲಿ ಗಿರಾಕಿಗಳಿಗೆಂದು ಇಟ್ಟಿದ್ದ ಸ್ಟೂಲನ್ನು ಎಳೆದುಕೊಂಡು ಕೂತಳು. ಮಡಿಲಲ್ಲಿ ಹರಿದ ಜಾಕೆಟ್ಟು. ಹೊರಗಿನ ಬೋರ್ಡಿನ ಮುಖವೂ ಸ್ಟೂಲಿನ ಮೇಲಿನ ಮುಖವೂ ಒಂದೇ ಎಂದು ಬಂದವರಿಗೆಲ್ಲ ತಾನಾಗಿ ಗೊತ್ತಾಗುತ್ತಿತ್ತು. ಮೊದಲು ಬಂದವರು ಗಂಡಹೆಂಡತಿ.

"ಮೇಲಿನದು ನೋಡ್ತೀರಾ? ತುಂಬ ಚೆನ್ನಾಗಿರುತ್ತೆ," ಎಂದಳು ಹುಡುಗಿ ಮನಃಪೂರ್ವಕವಾಗಿ. "ಹಗುರ, ಮೆತ್ತಗೆ, ಮೈಗೆ ಅಂಟಿ ಕೂರುತ್ತೆ. ಆಫೀಸಿಗೆ, ಊಟಕ್ಕೆ, ಸಂಜೆ ತಿರುಗಾಟಕ್ಕೆ ಅದಕ್ಕಿಂತ ಒಳ್ಳೇದು ಸಿಗಲ್ಲ. ಗಾಡಿಯಿಂದ ಬಿದ್ರೆ ಮಾತ್ರ ಹೀಗಾಗುತ್ತೆ." ಮೊಣಕೈಯ ತೂತಿನೊಳಗೆ ತನ್ನ ಮುಷ್ಟಿ ತೂರಿಸಿ ತೋರಿಸಿದಳು. "ಗಾಡಿಗೆ ಕೆಳಗಿನ ಸಾಲಿನದೇ ಸರಿ. ಅದು ಭಾರ, ಸೆಕೆ, ಕೂತಾಗ ಹೊಟ್ಟೆ ಒತ್ತುತ್ತೆ, ಅದನ್ನ ಹಾಕ್ಕೊಂಡು ಊಟಕ್ಕೆ ಹೋದ್ರೆ ಕಾವಲುಗಾರ ಅಂದ್ಕೊಳ್ತಾರೆ. ಆದ್ರೆ ಬಿದ್ದವರನ್ನ ಕಾಯುತ್ತೆ. ಹೆಂಗಸರ ಅಳತೆದು ಮಾತ್ರ ಇವರ ಹತ್ರ ಇಲ್ಲ."

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಹೆಂಡತಿ, "ನಾವು ಗಾಡಿಗೇ ಅಂತ ಬಂದದ್ದು," ಎಂದು ಹೊರಟಳು. ಹೀಗೇ ಬಂದವರಿಗೆಲ್ಲ ಹುಡುಗಿ ಅದೇ ಸಣ್ಣ ದನಿಯಲ್ಲಿ ಹೇಳಿದಳು. ಕೇಳಿಸಲೆಂದು ಅವರೆಲ್ಲ ಬಗ್ಗಿ, ಹತ್ತಿರ ಬಂದು, ಗುಂಪುಗೂಡಿ ನಿಂತರು. ಇಬ್ಬರು ಹುಡುಗಿಯರು ಮೇಲೆ ಹೋಗಿ ತೆಳ್ಳನೆಯದನ್ನೇ ಕೊಂಡರು, ತಮಗೆ ಗಾಡಿಯೇ ಇಲ್ಲವೆಂದು ನಗುತ್ತ. ಅವಳು ಅವರಿಗೆ ಬಣ್ಣ ಆರಿಸಲೂ ನೆರವಾದಳು. ಸೇಲ್ಸ್‌ಮನ್ನು ಅವಳನ್ನು ಎಬ್ಬಿಸಲು ಬಂದಾಗ ಗೇರಕ್ಕ ನಡುವೆ ಬಂದು ನಿಂತಳು. ಬಾಯಿ ತೆಗೆಯಲಿಲ್ಲ, ನಿಂತಳು ಅಷ್ಟೇ. ಅವನು ಹಿಂದಕ್ಕೆ ಹೋದ.

ಯಜಮಾನ ಮೊದಲು ಗದರಿದ, ಆಮೇಲೆ ಬೇಡಿಕೊಂಡ, ಮಧ್ಯಾಹ್ನದ ಹೊತ್ತಿಗೆ ಸೋತ. ಬೋರ್ಡನ್ನು ಇಳಿಸಲಿಲ್ಲ, ಅಷ್ಟು ಒಳ್ಳೆಯ ಬುದ್ಧಿ ಅವನಿಗೆ ಬರಲಿಲ್ಲ. ಏಣಿ ಹಾಕಿಸಿ, ಬೈಕಿನ ಮೇಲೂ ಹೆಲ್ಮೆಟ್ಟಿನ ಮೇಲೂ "ಸವಾರಿಗೂ ಸೈ" ಎಂಬುದರ ಮೇಲೂ ಕಪ್ಪು ಹಾಳೆ ಅಂಟಿಸಿದ. ಈಗ ಪಿಸುಮಾತು ದೊಡ್ಡ ಕಪ್ಪು ಬಂಡೆಯೊಂದಕ್ಕೆ ಒರಗಿ ನಿಂತಂತಿತ್ತು. ಕೆಳಗೆ "ಸೊಗಸಿಗೂ ಸೈ" ಎಂಬುದು ಮಾತ್ರ ಉಳಿದು, ಸೊಗಸಿಗೂ ಅಂದರೆ ಇನ್ನು ಯಾವುದಕ್ಕೆ ಎಂದು ದಾರಿಹೋಕರು ತಲೆ ಕೆರೆದುಕೊಳ್ಳುವಂತಾಯಿತು.

"ಇಷ್ಟಕ್ಕೇ ಬಿಟ್ಬಿಡೋದಾ?" ಎಂದು ಗೇರಕ್ಕ ಹೊರಗೆ ಬಂದ ಮೇಲೆ ಬಾಯಿ ಬಿಚ್ಚಿದಳು.

"ಇವತ್ತಿಗೆ ಇಷ್ಟು ಸಾಕು ಅಕ್ಕ. ಹಸಿವಾಗ್ತಿದೆ ನನಗೆ."

ಅಂಗಡಿಯಲ್ಲಿ ಸಿಗದ ಅಳತೆಯ ಜಾಕೆಟ್ಟನ್ನು ಗೇರಕ್ಕನಿಗೆ ಹೊಲಿದುಕೊಟ್ಟದ್ದು ಅದರ ಹಿಂದಿನ ಬೀದಿಯಲ್ಲಿ ಕುದುರೆಯ ಜೀನು, ಚರ್ಮದ ಚೀಲ ಹೊಲಿಯುವ ಗಂಡಹೆಂಡತಿ. ಗಂಡ ಹೆಂಗಸರ ಅಳತೆ ತನಗೆ ತಿಳಿಯದೆಂದ. ಹೆಂಡತಿ ಟೇಪು ಕಿತ್ತುಕೊಂಡಳು. ಮೊದಲನೆಯದು ಕಂಕುಳಲ್ಲಿ ಕಚ್ಚಿತು, ಗೇರಕ್ಕ ಜಗಳವಾಡಿದಳು. ಬಿಚ್ಚಿ ಹೊಲಿದದ್ದು ಹೊಟ್ಟೆಯಲ್ಲಿ ಬಿಗಿಯಿತು. "ಹೊಟ್ಟೆ ನಂದಲ್ಲ, ನಿಮ್ಮದು," ಎಂದು ಆಕೆಯೂ ಜಗಳವಾಡಿದಳು. ಇಬ್ಬರಿಗೂ ಅದು ಹಿಡಿಸಿದಂತೆ ಕಂಡಿತು. ಕೊನೆಗೆ ಸಿದ್ಧವಾದದ್ದನ್ನು ತೊಟ್ಟು ಗಾಡಿಯ ಹಿಡಿಕೆಗೆ ಕೈ ಚಾಚಿದರೆ ಪ್ಯಾಡು ಸರಿಯಾಗಿ ಮೊಣಕೈಯ ಮೇಲೆ ಕೂತಿತ್ತು, ಹಿಡಿದೆಳೆದರೂ ಕದಲಲಿಲ್ಲ. ನೋಡಲು ಚೆಂದವೇನಲ್ಲ, ನಡೆದರೆ ಕಪಾಟು ನಡೆದುಬಂದಂತೆ ಎಂದು ನಾದಿನಿ ಹೇಳಿದಳು. ಬಯಲಿನ ಹೆಂಗಸರೂ ಒಬ್ಬೊಬ್ಬರಾಗಿ ಆ ಬೀದಿಗೆ ಅಳತೆ ಕೊಡಲು ಹೋದರು.

ಉಳಿದದ್ದು ಒಂದು ಕೆಲಸ. ಹರಿದದ್ದನ್ನು ಅದೇ ಬೀದಿಯಲ್ಲಿ ಹೊಲಿಸಿ ಕೊಡುತ್ತೇನೆಂದರೆ ಪಿಸುಮಾತು ಬೇಡವೆಂದಿದ್ದಳು. ತೇಪೆ ಹಾಕಿದ್ದು ಚೆಂದ ಕಾಣುವುದಿಲ್ಲ, ಚೆಂದ ಕಾಣುವುದೇ ಅದರ ಕೆಲಸ. ಅದೂ ಸರಿಯೇ. ಹಾಗಾಗಿ ಒಂದು ಸಂಜೆ ಗೇರಕ್ಕ ಹಲ್ಲು ಕಚ್ಚಿಕೊಂಡು, ಜನ್ಮದಲ್ಲಿ ಕಾಲಿಡಬಾರದೆಂದಿದ್ದ ಆ ಚರ್ಮದ ಅಂಗಡಿಗೇ ಹೋದಳು. ಅವಳನ್ನು ಕಂಡು ಸೇಲ್ಸ್‌ಮನ್ನು ಎರಡು ಹೆಜ್ಜೆ ಹಿಂದಿಟ್ಟ. ಆಮೇಲೆ ಗಂಟಲು ಸರಿಮಾಡಿಕೊಂಡು, "ಗಾಡಿಗಾ ಮೇಡಂ, ಸುಮ್ನೆ ಹಾಕ್ಕೊಳ್ಳೋಕಾ?" ಎಂದು ಕೇಳಿದ.

ಎಲ್ಲರಿಗೂ ಈಗ ಹೀಗೇ ಕೇಳುತ್ತಾನೆಂದು ಆಮೇಲೆ ತಿಳಿಯಿತು. ಜಗಳಕ್ಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಗೇರಕ್ಕನ ಬಾಯಲ್ಲೇ ಉಳಿದವು. "ಸುಮ್ನೆ ಹಾಕ್ಕೊಳ್ಳೋಕೆ," ಎಂದಳು, ಅವನು ಸರಿಯಾಗಿ ಕೇಳಿದ್ದಕ್ಕೇ ಕೆರಳುತ್ತ.

ವೈನು ಬಣ್ಣದ್ದನ್ನು ಆರಿಸಿದಳು. ಹುಡುಗಿಯ ಕೋಣೆಯಲ್ಲಿ ಅದನ್ನು ಅವಳ ಮಂಚದ ಮೇಲೆ ಎಸೆದು, ಕಿಟಕಿಯತ್ತ ತಿರುಗಿ ನಿಂತಳು. ಪಿಸುಮಾತು ಕಂದು ಬಣ್ಣವೇ ಆಗಬೇಕಿತ್ತೆಂದು ಗೊಣಗುತ್ತಲೇ ತೊಟ್ಟು ಕನ್ನಡಿಯ ಮುಂದೆ ನಿಂತಳು. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು, ಕೂದಲನ್ನು ಕಾಲರಿನಿಂದ ಹೊರಗೆಳೆದಳು. ಗೇರಕ್ಕ ಕಣ್ಣಂಚಿನಲ್ಲಿ ನೋಡಿದಳು, ಆಮೇಲೆ ಪೂರ್ತಿ ತಿರುಗಿ ನೋಡಿದಳು.

"ಚೆನ್ನಾಗಿ ಕಾಣುತ್ತೆ," ಎಂದಳು, ಬೈದಂತೆ.

"ಕೈ ಕೊಡಿ ಈಗ," ಎಂದಳು ಹುಡುಗಿ, ಜಾಕೆಟ್ಟು ಬಿಚ್ಚದೆಯೇ ಸ್ಟೂಲು ಎಳೆಯುತ್ತ. "ಎಷ್ಟು ವಾರ ಆಯ್ತು, ಪೂರ್ತಿ ಬಿಗಿದಿರುತ್ತೆ. ನೋಯುತ್ತೆ, ಬೈಬೇಡಿ."

ನೋವಾಯಿತು. ಗೇರಕ್ಕ ಬೈದಳು.